ಮೂರನೇ ಗೂಡು

ಹೆಚ್ಚು ಕಡಿಮೆ 14 ತಿಂಗಳಾಯಿತು, ನಮ್ಮ ಹಿತ್ತಲಿನ ಗೂಡಿನಿಂದ ಒಂದು ಮೊಲವೂ ಹೋಗಿಲ್ಲ. ಹಾಗಂತ ನರಿ ಬರುವುದೇನೂ ನಿಂತಿಲ್ಲ. ವಾರಕ್ಕೆ ಎರಡು ಸಲವಾದರೂ ಬರುತ್ತದೆ, ಒಂದು ಸುತ್ತು ಹಾಕುತ್ತದೆ, ಬುಡದಲ್ಲಿ ನಾಲ್ಕು ಕಡೆ ಕೆರೆದು ನೋಡುತ್ತದೆ, ಹೋಗುತ್ತದೆ. ಬೆಳಿಗ್ಗೆ ಎದ್ದು ಆ ಕೆರೆದ ಗುರುತು ನೋಡುವಾಗ ಆಗುವ ಖುಷಿ ಇದೆಯಲ್ಲ, ಅದನ್ನು ಮನೆಯಲ್ಲಿ ಯಾರಿಗೆ ಹೇಳಿದರೂ ಅರ್ಥವಾಗುವುದಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. "ಸುಮ್ನೆ ಮೊಲ ಬಿಟ್ಟು ಮೀನು ಸಾಕಿ ಸಾರ್" ಅಂದವರೂ ಓದಲಿ.

ನಮ್ಮಲ್ಲಿ ಇದ್ದದ್ದು ಆರು ಮೊಲ, ಎರಡು ಬೆಕ್ಕು, ಒಂದು ಪುಟ್ಟ ನಾಯಿ. ಮೊದಲ ಗೂಡು ಎಲ್ಲರೂ ಕಟ್ಟುವಂಥದ್ದೇ, ಮರದ ಚೌಕಟ್ಟಿಗೆ ಕೋಳಿ ಮೆಶ್, ಅಂದರೆ ಕೋಳಿಗೂಡಿಗೆ ಹಾಕುವ ತೆಳು ತಂತಿಯ ಬಲೆ, ಹೊಡೆದದ್ದು. ಮೂರು ವಾರ ಚೆನ್ನಾಗಿತ್ತು. ಒಂದು ಬೆಳಿಗ್ಗೆ ನೋಡಿದರೆ ಮೆಶ್‌ನಲ್ಲಿ ತಟ್ಟೆಯಷ್ಟು ತೂತು, ಎರಡು ಮೊಲ ಇಲ್ಲ. ಮೂರನೆಯದು ಒಳಗೇ ಸತ್ತು ಬಿದ್ದಿತ್ತು, ಮೈಮೇಲೆ ಒಂದು ಗಾಯವೂ ಇರಲಿಲ್ಲ. ಹೆದರಿಕೆಗೇ ಪ್ರಾಣ ಬಿಟ್ಟಿತ್ತು. ಮೊಲ ಸಾಕಿದವರಿಗೆ ಗೊತ್ತಿರುತ್ತದೆ. ಕೋಳಿ ಮೆಶ್ ಇರುವುದು ಕೋಳಿ ಹೊರಗೆ ಹೋಗದಿರಲಿ ಅಂತ, ಹೊರಗಿನವರು ಒಳಗೆ ಬರದಿರಲಿ ಅಂತಲ್ಲ. ಇದು ನನಗೆ ಮೂರು ಮೊಲ ಕಳೆದುಕೊಂಡ ಮೇಲೆ ಗೊತ್ತಾಯಿತು.

ಎರಡನೇ ಗೂಡಿಗೆ ವೆಲ್ಡ್ ಮೆಶ್ ತಂದೆ, ತಂತಿ ಸೇರುವ ಕಡೆಯೆಲ್ಲ ಬೆಸುಗೆ ಹಾಕಿದ ಜಾಲರಿ. ಇಲ್ಲಿ ನನ್ನ ಬುದ್ಧಿವಂತಿಕೆ ಕೇಳಿ. ಅಂಗಡಿಯಲ್ಲಿ 16 ಗೇಜ್, 22 ಗೇಜ್ ಎರಡೂ ಇತ್ತು. ನಂಬರ್ ಜಾಸ್ತಿ ಇದ್ದದ್ದೇ ಗಟ್ಟಿ ಇರಬೇಕು ಅಂದುಕೊಂಡು 22 ತಂದೆ! ಗೇಜ್ ನಂಬರ್ ಜಾಸ್ತಿಯಾದಷ್ಟೂ ತಂತಿ ತೆಳು. ಅದೂ ಎರಡು ಇಂಚಿನ ಕಿಂಡಿಯದ್ದು, ಅಗ್ಗ ಅಂತ. ನಗಬೇಡಿ, ಆಮೇಲೆ ಕೇಳಿ ನೋಡಿದೆ, ಇದೇ ತಪ್ಪು ಮಾಡಿದವರು ಇನ್ನೂ ಇಬ್ಬರು ಸಿಕ್ಕರು. ತಂತಿ ಹರಿಯುವ ಕಷ್ಟವೂ ನರಿಗೆ ಬರಲಿಲ್ಲ. ಒಂದು ಮೊಲ ರಾತ್ರಿ ಮೆಶ್‌ಗೆ ಒರಗಿಕೊಂಡು ಮಲಗಿತ್ತು, ಕಿಂಡಿಯಿಂದ ಕೈ ಹಾಕಿ ಎಳೆದಿದೆ. ಉಳಿದದ್ದನ್ನು ಬರೆಯುವುದಿಲ್ಲ. ಹತ್ತು ದಿನ ಬಿಟ್ಟು ಇನ್ನೊಂದು ನರಿ ಬುಡದಲ್ಲಿ ಬಿಲ ತೋಡಿಕೊಂಡು ಒಳಗೇ ಬಂತು.

ಅಷ್ಟರಲ್ಲಿ ಖರ್ಚು ನನ್ನ ಅರ್ಧ ತಿಂಗಳ ಸಂಬಳ ದಾಟಿತ್ತು. ಆಗ ಒಂದು ಹುಚ್ಚು ಹಿಡಿಯಿತು. ಗೂಡು ಹಾಗೇ ಇರಲಿ, ನರಿಯನ್ನೇ ಓಡಿಸೋಣ ಅಂತ. ನಾಲ್ಕೈದು ತಿಂಗಳು ಅದರಲ್ಲೇ ಹೋಯಿತು. ಸೆನ್ಸರ್ ಲೈಟ್ ಹಾಕಿದೆ, ಒಂಬತ್ತು ರಾತ್ರಿ ಕೆಲಸ ಮಾಡಿತು, ಹತ್ತನೇ ರಾತ್ರಿ ಅದೇ ಬೆಳಕಿನಲ್ಲಿ ಕೂತು ಕಾಲು ಕೆರೆದುಕೊಳ್ಳುತ್ತಿತ್ತು. ಹಳೇ ಫೋನ್ ಕ್ಯಾಮೆರಾದಲ್ಲಿ ಸಿಕ್ಕ ದೃಶ್ಯ. ಕೀನ್ಯಾದಲ್ಲಿ ರಿಚರ್ಡ್ ಟುರೆರೆ ಅನ್ನುವ ಹುಡುಗ, ಸಿಂಹಗಳು ಓಡಾಡುವ ಬೆಳಕಿಗೆ ಮಾತ್ರ ಹೆದರುತ್ತವೆ ಅಂತ ಕಂಡುಕೊಂಡು ದನದ ದೊಡ್ಡಿಗೆ ಮಿನುಗುವ ಲೈಟ್ ಕಟ್ಟಿದ್ದ. ಅದನ್ನು ನೋಡಿ ನಾನೂ ಹಾಗೆ ಮಾಡಿದೆ. ಇದು ಒಂದು ತಿಂಗಳು ಎಳೆಯಿತು, ಸುಳ್ಳು ಹೇಳುವುದಿಲ್ಲ. ಆದರೆ ಪಕ್ಕದ ಮನೆಯವರು "ಅಣ್ಣಾ, ನಮಗೆ ರಾತ್ರಿಯೆಲ್ಲಾ ಮದುವೆ ಮನೆ ಥರ ಆಗಿದೆ" ಅಂದರು, ತೆಗೆದೆ. ನಮಗೆ ಕೇಳಿಸದ ಸದ್ದು ಮಾಡುವ ಅಲ್ಟ್ರಾಸೋನಿಕ್ ಡಬ್ಬಿಗೆ ನರಿ ತಲೆಯೂ ಎತ್ತಲಿಲ್ಲ, ನಮ್ಮ ನಾಯಿ ಎರಡು ದಿನ ಮಂಚದ ಕೆಳಗಿಂದ ಬರಲಿಲ್ಲ. ಖಾರದ ಪುಡಿ ಉದುರಿಸಿದೆ, ಸೀನಿದ್ದೂ ನಮ್ಮ ನಾಯಿಯೇ. ಒಂದು ಮಳೆಗೆ ಅದೂ ತೊಳೆದು ಹೋಯಿತು.

ಕಣ್ಣಿನ ಕತೆಯೂ ಹೇಳಿಬಿಡುತ್ತೇನೆ. ಬೋಟ್ಸ್‌ವಾನಾದಲ್ಲಿ ದನಗಳ ಹಿಂಭಾಗಕ್ಕೆ ದೊಡ್ಡ ಕಣ್ಣು ಬರೆದು ನಾಲ್ಕು ವರ್ಷ ನೋಡಿದ್ದರು, 2020ರಲ್ಲಿ ವರದಿ ಬಂತು. ಕಣ್ಣು ಬರೆದಿದ್ದ 680 ಚಿಲ್ಲರೆ ದನಗಳಲ್ಲಿ ಒಂದೂ ಸಿಂಹ, ಚಿರತೆಗೆ ಸಿಗಲಿಲ್ಲ, ಏನೂ ಬರೆಯದ 830 ಚಿಲ್ಲರೆಯಲ್ಲಿ 15 ಹೋದವು. ಹೊಂಚು ಹಾಕುವ ಪ್ರಾಣಿಗೆ 'ನನ್ನನ್ನು ನೋಡಿಬಿಟ್ಟರು' ಅನ್ನಿಸಿದರೆ ಬಿಟ್ಟು ಹೋಗುತ್ತದಂತೆ. ನಾನು ಗೂಡಿನ ಹಿಂದಿನ ಹಲಗೆಗೆ ಎರಡು ಕಣ್ಣು ಬರೆದೆ, ಮಗಳು ರೆಪ್ಪೆಯೂ ಬರೆದಳು. ನರಿ ಬಂದು ಅದರ ಮೇಲೇ ಉಚ್ಚೆ ಹೊಯ್ದು ಹೋಯಿತು.

ಕಣ್ಣು ತೆರೆಸಿದ್ದು ಬೂದಿ. ಗೂಡಿನ ಸುತ್ತ ಒಂದು ಗೇಣು ಅಗಲ ಬೂದಿ ಜರಡಿ ಹಿಡಿದು ಹಾಕುತ್ತಿದ್ದೆ, ಯಾರು ಬಂದರು ಅಂತ ನೋಡಲು. ಬೆಳಿಗ್ಗೆ ನಾಲ್ಕು ಬೆರಳು, ಮುಂದೆ ಉಗುರಿನ ಗುರುತು, ಅಂದರೆ ನರಿ. ಬೆಕ್ಕಾದರೆ ಉಗುರು ಮೂಡುವುದಿಲ್ಲ. ಒಂದು ದಿನ ಮಧ್ಯಾಹ್ನ ಒಂದು ಮರಿ ಕಾಣೆಯಾಯಿತು. ಬೂದಿ ನೋಡಿದರೆ ಚಿಕ್ಕ ಚಿಕ್ಕ ಹೆಜ್ಜೆ, ಐದು ಬೆರಳು. ಮುಂಗುಸಿ! ಅದು ಹಗಲು ತಿರುಗುವ ಪ್ರಾಣಿ. ನಾನು ರಾತ್ರಿಯೆಲ್ಲ ಟಾರ್ಚ್ ಹಿಡಿದು ಕಾದು, ಹಗಲು ಆರಾಮಾಗಿ ಬಾಗಿಲು ತೆಗೆದಿಟ್ಟು ಆಫೀಸಿಗೆ ಹೋಗುತ್ತಿದ್ದೆ. ಇಬ್ಬರು ಕಳ್ಳರು, ಎರಡು ಪಾಳಿ. ಇಬ್ಬರಿಗೂ ಒಂದೇ ಲೈಟು, ಒಂದೇ ಡಬ್ಬಿ ಅಂತ ನಾನು ಓಡಾಡಿದ್ದು. ಅವತ್ತೇ ಓಡಿಸುವ ಆಸೆ ಬಿಟ್ಟೆ. ಬರಲಿ, ಒಳಗೆ ಹೋಗಲು ಆಗಬಾರದು, ಅಷ್ಟೇ.

ಮೂರನೇ ಗೂಡಿಗೆ ಕಬ್ಬಿಣದ ಆಂಗಲ್ ಚೌಕಟ್ಟು. ನೆಲದಿಂದ ಎರಡೂವರೆ ಅಡಿವರೆಗೆ ಅರ್ಧ ಇಂಚು ಕಿಂಡಿ, ಮೇಲೆ ಮತ್ತು ಚಾವಣಿಗೆ ಒಂದು ಇಂಚು, ಎಲ್ಲಾ 16 ಗೇಜ್. ವೆಲ್ಡರ್ ನಕ್ಕ. "ಸಾರ್, ಇಷ್ಟು ದಪ್ಪ ತಂತಿ ಹಂದಿಗೆ ಹಾಕ್ತಾರೆ." ಮನೆಯವಳು "ರೀ, ಮೊಲಕ್ಕೆ ಜೈಲು ಕಟ್ಟಿಸ್ತಿದ್ದೀರಾ?" ಅಂದಳು. ಮಲಗುವ ಕಡೆ ಮಾತ್ರ ಒಳಗೊಂದು ಎರಡನೇ ಮೆಶ್, ನಡುವೆ ಮೂರು ಇಂಚು ಖಾಲಿ. ಯಾರೇ ಕೈ ಹಾಕಿದರೂ ಮೊಲ ಸಿಗಬಾರದು. ಸ್ಟೇಪಲ್ ಒಂದೂ ಇಲ್ಲ, ಎಲ್ಲಾ ಅಗಲ ವಾಷರ್ ಹಾಕಿ ಸ್ಕ್ರೂ. ಮೆಶ್ ಮೂಲೆಯಲ್ಲಿ ಸಡಿಲವಾಗದ ಹಾಗೆ ಬಿಗಿಯುವುದಕ್ಕೆ ನನ್ನದೇ ಒಂದು ಉಪಾಯ ಇದೆ, ಅದನ್ನು ಇಲ್ಲಿ ಬರೆಯುವುದಿಲ್ಲ, ಬಂದು ನೋಡಿದವರಿಗೆ ತೋರಿಸುತ್ತೇನೆ.

ಬುಡಕ್ಕೆ ಎಲ್ಲರೂ ಹೇಳಿದ್ದು ಎರಡು ಅಡಿ ಗುಂಡಿ ತೆಗೆದು ಮೆಶ್ ಹೂಳು ಅಂತ. ನಮ್ಮದು ಗಟ್ಟಿ ಮಣ್ಣು, ಒಂದು ಬದಿ ತೋಡುವಷ್ಟರಲ್ಲಿ ಸೊಂಟ ಹೋಯಿತು. ಉಳಿದ ಮೂರು ಬದಿಗೆ ಗುಂಡಿಯೇ ತೆಗೆಯಲಿಲ್ಲ. ಗೋಡೆಯ ಮೆಶ್‌ಗೆ ಸೇರಿಸಿ ಎರಡು ಅಡಿ ಅಗಲದ ಪಟ್ಟಿಯನ್ನು ಹೊರಗಡೆಗೆ ನೆಲದ ಮೇಲೇ ಹಾಸಿದೆ, ಗೂಟ ಹೊಡೆದು ಮೇಲೆ ತೆಳ್ಳಗೆ ಮಣ್ಣು ಎಳೆದೆ. ನರಿ ತೋಡುವುದು ಗೋಡೆಗೆ ಮೂಗು ತಾಗುವ ಜಾಗದಲ್ಲೇ. ಅಲ್ಲಿ ತೋಡಿದರೆ ಉಗುರಿಗೆ ತಂತಿ. ಎರಡು ಅಡಿ ಹಿಂದೆ ಹೋಗಿ ಅಲ್ಲಿಂದ ಸುರಂಗ ಕೊರೆಯೋಣ ಅಂತ ಅದಕ್ಕೆ ಹೊಳೆಯುವುದಿಲ್ಲ. ಎರಡು ತಿಂಗಳಲ್ಲಿ ಹುಲ್ಲು ಕಿಂಡಿಯಿಂದ ಮೇಲೆ ಬಂದು ಪಟ್ಟಿ ಕಾಣದಂತಾಯಿತು. ಹೂಳಿದ ಬದಿಗಿಂತ ಹಾಸಿದ ಬದಿಗಳೇ ಚೆನ್ನಾಗಿವೆ, ಖರ್ಚೂ ಮೂರನೇ ಒಂದು ಭಾಗ ಕಡಿಮೆ.

ಇಷ್ಟಾದ ಮೇಲೂ ಒಂದು ಸಲ ಮುಂಗುಸಿ ಒಳಗೆ ಬಂತು. ಮಳೆಗಾಲದಲ್ಲಿ ಬಾಗಿಲ ಮರ ಉಬ್ಬಿ, ಕೆಳಗಿನ ಮೂಲೆಯಲ್ಲಿ ಎರಡು ಬೆರಳಷ್ಟು ಸಂದು ಬಿಟ್ಟಿತ್ತು. ಮೊಲಗಳು ಹಿಂಗಾಲು ಬಡಿಯುವ ಸದ್ದು ಅಡುಗೆ ಮನೆಗೆ ಕೇಳಿಸಿತು, ಅದೃಷ್ಟ. ಬಾಗಿಲನ್ನೂ ಕಬ್ಬಿಣದ್ದು ಮಾಡಿಸಿ ಮೇಲೊಂದು ಕೆಳಗೊಂದು ಚಿಲಕ ಹಾಕಿದೆ. ಮೂರೂ ಗೂಡು, ಲೈಟು, ಡಬ್ಬಿ ಸೇರಿಸಿದರೆ ಒಂದು ಒಳ್ಳೆ ಸೆಕೆಂಡ್ ಹ್ಯಾಂಡ್ ಸ್ಕೂಟರ್ ಬರುತ್ತಿತ್ತು. ಅದರಲ್ಲಿ ಕೊನೇ ಗೂಡಿನದ್ದು ಅರ್ಧಕ್ಕಿಂತ ಕಡಿಮೆ, ಮಿಕ್ಕಿದ್ದೆಲ್ಲ ದಂಡ.

ಬೆಕ್ಕುಗಳ ವಿಷಯ ಬೇರೆ. ಕಾಂಪೌಂಡ್ ಮೇಲೆ ತಂತಿ ಎಳೆದು ಅದಕ್ಕೆ ಪಿವಿಸಿ ಪೈಪ್ ಪೋಣಿಸಿದೆ, ಕಾಲಿಟ್ಟರೆ ಪೈಪ್ ಉರುಳುತ್ತದೆ, ಹತ್ತಲು ಹಿಡಿತ ಸಿಗುವುದಿಲ್ಲ. ಕರಿ ಬೆಕ್ಕು ಒಂದು ವಾರ ಒದ್ದಾಡಿ ಕೈ ಬಿಟ್ಟಿತು. ಬಿಳಿಯದು ಗೇಟಿನ ಕೆಳಗಿಂದ ಹೋಗತೊಡಗಿತು. ಈಗ ಕತ್ತಲಾಗುವ ಮೊದಲು ಎರಡೂ ಮನೆಯೊಳಗೆ. ಕರೆಯಲು ನಾನು ಮಾಡುವ ಒಂದು ಸದ್ದಿದೆ, ದಿನದ ಊಟ ಆ ಸದ್ದಿನ ನಂತರವೇ, ಬೇರೆ ಹೊತ್ತಲ್ಲಿ ಇಲ್ಲ. ಯಾವ ಸದ್ದು ಅಂತ ಹೇಳುವುದಿಲ್ಲ, ನಮ್ಮ ಬೀದಿಯ ಮಕ್ಕಳು ಓದಿದರೆ ಕತೆ ಮುಗಿಯಿತು. ನಾಯಿಯನ್ನು ರಾತ್ರಿ ಕೊನೇ ಸಲ ಹೊರಗೆ ಬಿಡುವುದು ಬೆಲ್ಟ್ ಹಾಕಿಯೇ. ಊಟದ ತಟ್ಟೆಗಳೂ ಒಳಗೆ. ಮೊದಲು ಹೊರಗೆ ಬಿಡುತ್ತಿದ್ದೆ, ಇಲಿ ಬಂದವು, ಇಲಿಯ ಹಿಂದೆ ಒಂದು ಕೇರೆ ಹಾವೂ ಬಂತು.

"ಮೀನು ಸಾಕಿ" ಅಂದವರು ಹೋದ ತಿಂಗಳು ಟೇಪ್ ಹಿಡಿದುಕೊಂಡು ಬಂದು ಬುಡದ ಪಟ್ಟಿ ಅಳೆದುಕೊಂಡು ಹೋದರು. ಏನಕ್ಕೆ ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಆ ಹೊತ್ತಿಗೇ ಹೂಳಿದ ಬದಿಯ ಮೆಶ್ ಸ್ವಲ್ಪ ಬಗೆದು ನೋಡಿದೆ, ಎರಡು ಕಡೆ ತುಕ್ಕು ಹಿಡಿದಿದೆ. ಈ ಭಾನುವಾರ ಅದನ್ನು ಕಿತ್ತು ಅಲ್ಲೂ ಹಾಸುವುದೇ.