ರೊಸೆಟ್ ನೆಬ್ಯುಲಾ ಪೂರ್ತಿ ಕೆಂಪಾಗಿಯೇ ಬರುತ್ತಿದ್ದರೆ
ಮಲ್ಪೆ, ಸುರತ್ಕಲ್ ಕಡೆಯಿಂದ ಕಲರ್ ಕ್ಯಾಮೆರಾಗೆ ಡ್ಯುಯಲ್ ಬ್ಯಾಂಡ್ ಫಿಲ್ಟರ್ (ಹೈಡ್ರೋಜನ್, ಆಕ್ಸಿಜನ್ ಬೆಳಕನ್ನು ಮಾತ್ರ ಬಿಡುವ ಫಿಲ್ಟರ್) ಹಾಕಿ ರೊಸೆಟ್ ಎಂಬ ಬಾಹ್ಯಾಕಾಶದ ಅನಿಲ ಮೋಡದ ಫೋಟೋ ತೆಗೆಯುವವರಿಗೆ ಒಂದು ಸಲಹೆ. ಮೊದಲು ಫೋಟೋದ ಕೆಂಪು, ಹಸಿರು, ನೀಲಿ ಚಾನೆಲ್‌ಗಳನ್ನು ಬೇರೆ ಮಾಡಿ. ಕೆಂಪಿನಲ್ಲಿರುವುದು 656.3 ನ್ಯಾನೋಮೀಟರ್‌ನ ಹೈಡ್ರೋಜನ್ ಆಲ್ಫಾ, ಅಂದರೆ ಹೈಡ್ರೋಜನ್ ಹೊರಸೂಸುವ ಕೆಂಪು ಬೆಳಕು. ಹಸಿರು, ನೀಲಿ ಎರಡರಲ್ಲೂ ಇರುವುದು ಆಕ್ಸಿಜನ್‌ನ ಬೆಳಕು, ಅವುಗಳ ಸರಾಸರಿ ತೆಗೆದುಕೊಳ್ಳಿ.

ಹೈಡ್ರೋಜನ್, ಆಕ್ಸಿಜನ್ ಎರಡೂ ಚಿತ್ರಗಳಲ್ಲಿ ಗ್ರೇಡಿಯೆಂಟ್ (ಹಿನ್ನೆಲೆಯ ಬೆಳಕಿನ ಏರುಪೇರು) ತೆಗೆಯಿರಿ. ನಮ್ಮ ಕರಾವಳಿಯ ತೇವದ ಗಾಳಿಯಲ್ಲಿ ಊರಿನ ದೀಪದ ಬೆಳಕು ಜಾಸ್ತಿ ಚದುರುತ್ತದೆ ಅಲ್ವಾ, ಈ ಹಂತ ಬಿಡಲೇಬೇಡಿ.

ಹೈಡ್ರೋಜನ್ ಪ್ರಖರ, ಆಕ್ಸಿಜನ್ ಮಂದ. ಸುಮ್ನೆ ಸೇರಿಸಿದರೆ ಎಲ್ಲ ಕೆಂಪೇ. ಹಾಗಾಗಿ ಬೇರೆ ಬೇರೆಯಾಗಿ ಸ್ಟ್ರೆಚ್ ಮಾಡಿ (ಮಂದ ಭಾಗಗಳು ಕಾಣುವಂತೆ ಹೊಳಪು ಏರಿಸಿ), ಹಿನ್ನೆಲೆಯ ಕಪ್ಪು ಒಂದೇ ಮಟ್ಟಕ್ಕೆ ಬರಲಿ. ಆಕ್ಸಿಜನ್‌ನ ನಾಯ್ಸ್ ಆಗಲೇ ಇಳಿಸಿ. ನಂತರ ಹೈಡ್ರೋಜನ್ ಕೆಂಪಿಗೆ, ಆಕ್ಸಿಜನ್ ಹಸಿರು-ನೀಲಿಗೆ. ರೊಸೆಟ್ ನಡುವಿನ ಎನ್‌ಜಿಸಿ 2244 ನಕ್ಷತ್ರಗುಚ್ಛದ ಸುತ್ತಲಿನ ನೀಲಿ ಹೊಳಪು ಎಷ್ಟು ಚೆಂದ ಕಾಣುತ್ತದೆ! ನಕ್ಷತ್ರಗಳನ್ನು ಮಾತ್ರ ಫಿಲ್ಟರ್ ಇಲ್ಲದ ಫ್ರೇಮ್‌ಗಳಿಂದ ತಂದು ಸೇರಿಸಿ.