ದ್ರಾಕ್ಷಿ ತೋಟದ ಊರಲ್ಲಿ ಪುಟ್ಟ ಟೆರಿಯರ್: ಆರೋಗ್ಯ ಕಾಪಾಡುವುದು ಹೇಗೆ?

ಯಾರ್ಕ್‌ಶೈರ್ ಟೆರಿಯರ್ ತಳಿಯ ನಾಯಿ ತೂಗುವುದು ಸುಮಾರು 3 ಕೆ.ಜಿ. ಜಾಕ್ ರಸೆಲ್ ಆದರೆ 6–7 ಕೆ.ಜಿ. ಇಷ್ಟು ಚಿಕ್ಕ ಮೈಯಲ್ಲಿ ವಿಷ ಬೇಗ ಏರುತ್ತದೆ. ಚಿಕ್ಕಬಳ್ಳಾಪುರ ಸೀಮೆಯಲ್ಲಿ ಇವುಗಳನ್ನು ಸಾಕುವವರು ಮೊದಲು ಗಮನ ಕೊಡಬೇಕಾದದ್ದು ದುಬಾರಿ ಶಾಂಪೂಗಲ್ಲ, ಮನೆ ಸುತ್ತ ಬಿದ್ದಿರುವ ವಸ್ತುಗಳಿಗೆ.

1. ತಟ್ಟೆ ನೋಡಿ
ನಮ್ಮಲ್ಲಿ ದ್ರಾಕ್ಷಿಗೆ ಬರವಿಲ್ಲ. ಮಕ್ಕಳು ಪ್ರೀತಿಯಿಂದ ನಾಯಿಗೂ ಎರಡು ಹಣ್ಣು ಹಾಕುತ್ತಾರೆ. ಬೇಡವೇ ಬೇಡ. ದ್ರಾಕ್ಷಿ, ಒಣದ್ರಾಕ್ಷಿ ಎರಡೂ ನಾಯಿಯ ಕಿಡ್ನಿ ಕೆಡಿಸಬಲ್ಲವು. ಇದಕ್ಕೆ ಟಾರ್ಟಾರಿಕ್ ಆಸಿಡ್ ಕಾರಣ ಇರಬಹುದು ಎಂದು ಅಮೆರಿಕದ ಪಶುವೈದ್ಯರು 2021ರಲ್ಲಿ ಹೇಳಿದರು. ಅದೇ ಆಸಿಡ್ ಹುಣಸೆಹಣ್ಣಿನಲ್ಲಿ ತುಂಬಾ ಜಾಸ್ತಿ. ಹಾಗಾಗಿ ಸಾರು ಕಲೆಸಿದ ಅನ್ನ, ಪುಳಿಯೋಗರೆ ಕೊಡುವ ರೂಢಿ ಬಿಡಿ. ಸಾರಿನಲ್ಲಿ ಈರುಳ್ಳಿ, ಬೆಳ್ಳುಳ್ಳಿಯೂ ಇರುತ್ತೆ ಅಲ್ವಾ? ಅವು ರಕ್ತದ ಕೆಂಪು ಕಣಗಳನ್ನು ಒಡೆಯುತ್ತವೆ. ನಾಯಿ ದ್ರಾಕ್ಷಿ ತಿಂದದ್ದು ಗೊತ್ತಾದರೆ ವಾಂತಿ ಶುರುವಾಗಲಿ ಎಂದು ಕಾಯಬೇಡಿ, ಉಪ್ಪುನೀರು ಕುಡಿಸಬೇಡಿ. ತಕ್ಷಣ ಡಾಕ್ಟರ ಹತ್ತಿರ ಹೋಗಿ.

2. ದಿನಾ ಸಂಜೆ ಮೈ ತಡವಿ
ಕಿವಿಯ ಒಳಗೆ, ಬೆರಳ ಸಂದಿ, ಕಂಕುಳು, ಬಾಲದ ಬುಡ: ರಕ್ತ ಹೀರುವ ಉಣ್ಣೆ ಹುಳ (ಉಣುಗು) ಅಡಗುವ ಜಾಗ ಇವೇ. ಸಿಕ್ಕಿದರೆ ಚಿಮಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರವಾಗಿ ಎಳೆಯಿರಿ. ಸೀಮೆಎಣ್ಣೆ, ಬೆಂಕಿಕಡ್ಡಿ ಬೇಡ. ಹಸುವಿಗೆ ತಂದ ಉಣ್ಣೆ ಔಷಧಿಯನ್ನಂತೂ ಹಚ್ಚಲೇಬೇಡಿ. ನಾಯಿಯ ತೂಕ ಹೇಳಿ ಅದಕ್ಕೆ ಸರಿಯಾದ ಔಷಧಿಯನ್ನೇ ಕೇಳಿ ಪಡೆಯಿರಿ. ನಾಯಿಯ ಉಣ್ಣೆ ಗೋಡೆಯ ಬಿರುಕಿನಲ್ಲೂ ಮೊಟ್ಟೆ ಇಡುತ್ತದೆ. ಆದ್ದರಿಂದ ಬಿರುಕು ಮುಚ್ಚಿ, ಹಾಸಿಗೆಯನ್ನು ಬಿಸಿನೀರಲ್ಲಿ ಒಗೆಯಿರಿ.

ಉಣ್ಣೆಯಿಂದ ಎರ್ಲಿಕಿಯಾ, ಬಬೇಸಿಯಾ ಜ್ವರ ಬರುತ್ತವೆ. ಊಟ ಬಿಟ್ಟು ಮಂಕಾಗುವುದು, ವಸಡು ಬಿಳಿಚುವುದು, ಮೂಗಲ್ಲಿ ರಕ್ತ, ಕಂದು ಮೂತ್ರ ಇವುಗಳಲ್ಲಿ ಒಂದು ಕಂಡರೂ ಅದೇ ದಿನ ರಕ್ತಪರೀಕ್ಷೆ ಮಾಡಿಸಿ. ಜ್ವರ ಇದೆಯೆಂದು ಮನೆಯಲ್ಲಿರುವ ಮಾತ್ರೆ ಕೊಡಬೇಡಿ. ಪ್ಯಾರಾಸಿಟಮಾಲ್, ಐಬುಪ್ರೊಫೇನ್ ನಾಯಿಗೆ ಅಪಾಯ.

3. ಹೆಗ್ಗಣದ ಬೇಟೆ ತಡೆಯಿರಿ
ಟೆರಿಯರ್‌ಗಳನ್ನು ಬೆಳೆಸಿದ್ದೇ ಬಿಲ ತೋಡಿ ಬೇಟೆಯಾಡಲು. ಬೈದರೆ ಈ ಗುಣ ಹೋಗುವುದಿಲ್ಲ. ತೋಟಕ್ಕೆ ಕರೆದೊಯ್ದಾಗ ಹಗ್ಗ ಕೈಯಲ್ಲಿರಲಿ. ಇಲಿಜ್ವರದ ಲಸಿಕೆ ಕೇಳಿ ಹಾಕಿಸಿ, ಈ ರೋಗ ನಾಯಿಯಿಂದ ಮನುಷ್ಯರಿಗೂ ಹರಡುತ್ತದೆ. ಇಲಿಪಾಷಾಣ ಇಟ್ಟ ಮನೆಯಲ್ಲಿ ಎಚ್ಚರ ಇನ್ನೂ ಜಾಸ್ತಿ ಬೇಕು. ರಕ್ತ ಹೆಪ್ಪುಗಟ್ಟದಂತೆ ಮಾಡುವ ಪಾಷಾಣ ತಿಂದ ನಾಯಿ ಮೊದಲ ಒಂದೆರಡು ದಿನ ಸುಮ್ನೆ ಆಡಿಕೊಂಡೇ ಇರಬಹುದು. ರಕ್ತಸ್ರಾವ ಶುರುವಾಗುವುದು ಆಮೇಲೆ. ಅನುಮಾನ ಬಂದರೂ ಸಾಕು, ಪಾಷಾಣದ ಪ್ಯಾಕೆಟ್ ಸಮೇತ ಆಸ್ಪತ್ರೆಗೆ ಹೋಗಿ. ಯಾವ ವಿಷ ಎಂಬುದರ ಮೇಲೆ ಚಿಕಿತ್ಸೆ ನಿಂತಿದೆ.

4. ಬಾಯಿ, ಮಂಡಿ, ಕತ್ತು
ಆರೇಳು ತಿಂಗಳಾದರೂ ಹಾಲುಹಲ್ಲು ಬೀಳದೆ ಪಕ್ಕದಲ್ಲೇ ಹೊಸ ಹಲ್ಲು ಬಂದಿದ್ದರೆ ತೋರಿಸಿ, ಯಾರ್ಕ್‌ಶೈರ್ ಟೆರಿಯರ್‌ಗಳಲ್ಲಿ ಇದು ಸಾಮಾನ್ಯ. ನಾಯಿಗೆಂದೇ ಇರುವ ಪೇಸ್ಟಿನಿಂದ ದಿನಾ ಹಲ್ಲುಜ್ಜಿ. ಓಡುತ್ತಾ ಹಿಂಗಾಲೊಂದನ್ನು ಎತ್ತಿ ಕುಪ್ಪಳಿಸಿ, ಮತ್ತೆ ಸರಿಯಾಗಿ ಓಡಿದರೆ ಮಂಡಿಚಿಪ್ಪು ಜಾರುತ್ತಿರಬಹುದು. ಸೋಫಾದಿಂದ ಜಿಗಿಯಲು ಬಿಡಬೇಡಿ, ತೂಕ ಏರದಂತೆ ನೋಡಿಕೊಳ್ಳಿ. ಕತ್ತಿಗೆ ಪಟ್ಟಿ ಕಟ್ಟಿ ಎಳೆದರೆ ಉಸಿರುನಾಳಕ್ಕೆ ಪೆಟ್ಟು. ಎದೆಗೆ ಹಾಕುವ ಹಾರ್ನೆಸ್ ತನ್ನಿ.

5. ಲಸಿಕೆ
ಪಾರ್ವೊ, ಡಿಸ್ಟೆಂಪರ್ ಎಂಬ ವೈರಸ್ ರೋಗಗಳ ಲಸಿಕೆ 6–8 ವಾರಕ್ಕೆ ಶುರು. 16 ವಾರ ತುಂಬುವವರೆಗೆ 3–4 ವಾರಕ್ಕೊಮ್ಮೆ ಮತ್ತೆ ಹಾಕಿಸಬೇಕು. ರೇಬಿಸ್ ಲಸಿಕೆ ಮೂರು ತಿಂಗಳಿಗೆ, ಆಮೇಲೆ ಡಾಕ್ಟರು ಬರೆದುಕೊಟ್ಟ ತಾರೀಕಿಗೆ. ಕೋರ್ಸ್ ಮುಗಿಯುವ ತನಕ ಮರಿಯನ್ನು ಬೀದಿಗೆ ಇಳಿಸಬೇಡಿ. ಲಸಿಕೆ ಚೀಟಿಯಲ್ಲಿ ಪ್ರತಿ ಸಲ ತೂಕವನ್ನೂ ಬರೆಸಿ, ಮುಂದಿನ ಔಷಧಿಯ ಅಳತೆ ಅದನ್ನೇ ನೋಡಿ ಹೇಳುತ್ತಾರೆ.