ಮುಂಬೈಯಿಂದ ನ್ಯೂಯಾರ್ಕಿಗೆ ಆಕಾಶದಲ್ಲಿ ಎಷ್ಟು ದೂರ? ಲೆಕ್ಕ ಹಾಕುವ ಬಗೆ

ಗೋಡೆಗೆ ತೂಗುಹಾಕಿದ ಭೂಪಟದ ಮೇಲೆ ಸ್ಕೇಲ್ ಇಟ್ಟು ಅಳೆಯಲು ಹೋಗಬೇಡಿ. ಮರ್ಕೇಟರ್ ಮಾದರಿಯ (ಗುಂಡು ಭೂಮಿಯನ್ನು ಚಪ್ಪಟೆ ಹಾಳೆಗೆ ಹರಡಿದ) ಪಟದಲ್ಲಿ ನೇರ ಕಾಣುವ ಗೆರೆಯನ್ನೇ ಹಿಡಿದು ಹೊರಟರೆ ನ್ಯೂಯಾರ್ಕ್ ತಲುಪಲು ಸುಮಾರು 14,200 ಕಿ.ಮೀ. ಬೇಕು. ಭೂಮಿ ಗುಂಡಗಿರುವುದರಿಂದ ಹತ್ತಿರದ ದಾರಿ ಬೇರೆಯೇ ಇದೆ, 12,530 ಕಿ.ಮೀ.ನದು.

ಮಕ್ಕಳ ಗ್ಲೋಬ್ ಇದ್ದರೆ ಹೂ ಕಟ್ಟುವ ದಾರ ಸಾಕು. ಎರಡೂ ಊರುಗಳ ನಡುವೆ ದಾರವನ್ನು ಬಿಗಿಯಾಗಿ ಎಳೆದು ಹಿಡಿಯಿರಿ. 30 ಸೆಂ.ಮೀ. ವ್ಯಾಸದ ಗ್ಲೋಬಿನಲ್ಲಿ ಒಂದು ಸೆಂ.ಮೀ. ಅಂದರೆ ಸುಮಾರು 425 ಕಿ.ಮೀ.; ದಾರ ಇಪ್ಪತ್ತೊಂಬತ್ತೂವರೆ ಸೆಂ.ಮೀ. ಬರುತ್ತದೆ. ಅದು ಪಾಕಿಸ್ತಾನ, ರಷ್ಯಾ ದಾಟಿ ಐಸ್‌ಲ್ಯಾಂಡ್ ಮೇಲೆ ಹಾದು ಹೋಗುವುದನ್ನೂ ಗಮನಿಸಿ.

ನಿಖರವಾಗಿ ಬೇಕಿದ್ದರೆ ವಿಮಾನ ನಿಲ್ದಾಣಗಳ ಅಕ್ಷಾಂಶ, ರೇಖಾಂಶ ತೆಗೆದುಕೊಳ್ಳಿ. ಮುಂಬೈ: 19.0887 ಉತ್ತರ, 72.8679 ಪೂರ್ವ. ನ್ಯೂಯಾರ್ಕಿನ ಜೆಎಫ್‌ಕೆ: 40.6398 ಉತ್ತರ, 73.7789 ಪಶ್ಚಿಮ. ಪಶ್ಚಿಮ ರೇಖಾಂಶಕ್ಕೆ ಮೈನಸ್ ಹಾಕಲೇಬೇಕು. ಹೆಚ್ಚಿನವರು ಎಡವುವುದು ಇಲ್ಲೇ. ಮೈನಸ್ ಬಿಟ್ಟರೆ ನಿಮ್ಮ ನ್ಯೂಯಾರ್ಕ್ ಕಿರ್ಗಿಸ್ತಾನದಲ್ಲಿ ಕೂತಿರುತ್ತದೆ, ಉತ್ತರ ಬರೀ 2,400 ಕಿ.ಮೀ.! ಸರಿಯಾಗಿ ಕಳೆದರೆ ರೇಖಾಂಶಗಳ ಅಂತರ 146.6468 ಡಿಗ್ರಿ.

ಈಗ ಕ್ಯಾಲ್ಕುಲೇಟರನ್ನು ಡಿಗ್ರಿ ಮೋಡ್‌ಗೆ ತನ್ನಿ. ಎರಡು ಅಕ್ಷಾಂಶಗಳ ಸೈನ್‌ಗಳನ್ನು ಗುಣಿಸಿ: 0.3270 × 0.6513 = 0.2130. ಬಳಿಕ ಅವೇ ಅಕ್ಷಾಂಶಗಳ ಕೊಸೈನ್‌ಗಳನ್ನು ರೇಖಾಂಶ ಅಂತರದ ಕೊಸೈನಿನೊಂದಿಗೆ ಗುಣಿಸಿ: 0.9450 × 0.7588 × (−0.8353) = −0.5990. ಎರಡನ್ನೂ ಕೂಡಿದರೆ −0.3860. ಇದರ ವಿಲೋಮ ಕೊಸೈನ್ (ಕ್ಯಾಲ್ಕುಲೇಟರಿನಲ್ಲಿ cos⁻¹) 112.7 ಡಿಗ್ರಿ. ಡಿಗ್ರಿಗೆ 111.19 ಕಿ.ಮೀ.ನಂತೆ ಗುಣಿಸಿದರೆ 12,531. ಎಕ್ಸೆಲ್‌ನಲ್ಲಿ ಮಾಡುವವರು ಮೊದಲು ಡಿಗ್ರಿಯನ್ನು ರೇಡಿಯನ್ನಿಗೆ ಬದಲಿಸಿ ಕೊನೆಗೆ ಭೂಮಿಯ ತ್ರಿಜ್ಯ 6,371 ಕಿ.ಮೀ.ನಿಂದ ಗುಣಿಸಬೇಕು. ಭೂಮಿ ಧ್ರುವಗಳಲ್ಲಿ ತುಸು ಚಪ್ಪಟೆಯಾಗಿರುವ ಕಾರಣ ಅರ್ಧ ಶೇಕಡಾದೊಳಗೆ ಹೆಚ್ಚುಕಮ್ಮಿ ಬರಬಹುದು, ಅದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

ದೂರವನ್ನು ಮೈಲಿನಲ್ಲಿ ಕೊಟ್ಟಿದ್ದರೆ ಯಾವ ಮೈಲು ಎಂದು ನೋಡಿ. ಹಡಗು, ವಿಮಾನಗಳಲ್ಲಿ ಬಳಸುವ ನಾಟಿಕಲ್ ಮೈಲು 1.852 ಕಿ.ಮೀ., ರಸ್ತೆಯ ಮೈಲು 1.609.

ದಾರಿಯಲ್ಲಿ ಇಳಿದು ಹತ್ತುವ ಟಿಕೆಟ್ಟಾದರೆ ಪ್ರತಿ ಹಂತವನ್ನೂ ಬೇರೆಯಾಗಿ ಲೆಕ್ಕ ಹಾಕಿ ಕೂಡಿ. ದುಬೈ ಮೂಲಕ ಹೋದರೆ 1,926 ಮತ್ತು 11,001, ಒಟ್ಟು 12,927. ಅಷ್ಟು ಸುತ್ತಿ ಹೋದಂತೆ ಕಂಡರೂ ಹೆಚ್ಚಾಗುವುದು ಬರೀ 400 ಕಿ.ಮೀ.

ವಿಮಾನ ನಿಜಕ್ಕೂ ಹಾರುವುದು ಇದಕ್ಕಿಂತ ಹೆಚ್ಚೇ. ಪಾಕಿಸ್ತಾನ 2025ರ ಏಪ್ರಿಲ್ 24ರಂದು ಭಾರತೀಯ ವಿಮಾನಗಳಿಗೆ ತನ್ನ ಆಕಾಶ ಮುಚ್ಚಿದಾಗ ಉತ್ತರದ ಈ ನೇರ ದಾರಿ ಅವಕ್ಕೆ ಇಲ್ಲವಾಯಿತು. ಹೋಗುವಾಗ ಎದುರುಗಾಳಿ ಬೇರೆ. ಆದ್ದರಿಂದ ಗಂಟೆಗೆ 900 ಕಿ.ಮೀ.ನಂತೆ ಭಾಗಿಸಿ ಬರುವ ಹದಿನಾಲ್ಕು ಗಂಟೆಯನ್ನು ನಂಬಿ ಮುಂದಿನ ವಿಮಾನ ಬುಕ್ ಮಾಡಬೇಡಿ. ಸಮಯಕ್ಕೆ ವೇಳಾಪಟ್ಟಿಯನ್ನೇ ನೋಡಿ.